ಅಮ್ಮನ ಅರವತ್ತಕ್ಕೆ ಫೋನಿನಲ್ಲೇ ತಯಾರಿ: ಯಾರಿಗೆ ಯಾವ ದಾರಿ

ಅಮ್ಮನಿಗೆ ಅರವತ್ತು ತುಂಬುತ್ತಿದೆ, ಏನಾದರೂ ಮಾಡಬೇಕು ಅಂತ ಮಕ್ಕಳಿಗೆಲ್ಲ ಆಸೆ. ಆದರೆ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ, ಮತ್ತೊಬ್ಬರು ನ್ಯೂಜೆರ್ಸಿಯಲ್ಲಿ. ಅಪ್ಪ-ಅಮ್ಮ ಊರಲ್ಲಿ. ಛತ್ರ ನೋಡುವುದರಿಂದ ಹಿಡಿದು ಎಲೆ ಲೆಕ್ಕ ಹೇಳುವವರೆಗೆ ಎಲ್ಲವೂ ಫೋನಿನಲ್ಲೇ ಆಗಬೇಕು.

ಒಂದೊಂದು ಕೆಲಸಕ್ಕೂ ನಾಲ್ಕಾರು ಆ್ಯಪ್ ಇವೆ. ಯಾವುದರಲ್ಲಿ ಏನೇನಿದೆ ಅಂತ ನೋಡಿ ಆರಿಸಲು ಹೋದರೆ ತಲೆ ಕೆಡುತ್ತದೆ. ನನ್ನ ಕೇಳಿದರೆ, ಆ ಕಡೆ ಫೋನ್ ಹಿಡಿದವರು ಯಾರು ಅಂತ ಮೊದಲು ನೋಡಿ. ಎಪ್ಪತ್ತು ದಾಟಿದ ದೊಡ್ಡಪ್ಪ, ಅಡುಗೆ ಭಟ್ಟರು, ನ್ಯೂಜೆರ್ಸಿಯ ತಂಗಿ, ಈ ಮೂವರಿಗೂ ಒಂದೇ ದಾರಿ ಹಿಡಿದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ತಪ್ಪಿದ್ದು ಕೊನೆಗೆ ಅಮ್ಮನ ತಲೆಗೇ ಬರುತ್ತದೆ. ಯಾಕೆಂದರೆ ಬೇಜಾರಾದವರು ನಿಮಗೆ ಫೋನ್ ಮಾಡುವುದಿಲ್ಲ, ಅವರಿಗೇ ಮಾಡುತ್ತಾರೆ: "ಹುಡುಗರಿಗೆ ಗೊತ್ತಾಗ್ಲಿಲ್ಲ ಬಿಡು, ನೀನಾದ್ರೂ ಒಂದು ಮಾತು ಹೇಳ್ಬಾರದಿತ್ತೇನೇ?"

ದಿನ: ತಾರೀಖೋ, ತಿಥಿಯೋ, ಭಾನುವಾರವೋ

ಮೊದಲು ಹುಟ್ಟಿದ ದಿನವೇ ಖಚಿತವಿದೆಯೋ ನೋಡಿಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಜೂನ್ 1 ಅಂತಿದ್ದರೆ ಅನುಮಾನ ಪಡಲೇಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸಿನ ಲೆಕ್ಕಕ್ಕೆ ಸರಿಹೊಂದಿಸಿ ಬರೆದುಕೊಂಡ ತಾರೀಖು ಅದು; ಆ ತಲೆಮಾರಿನ ಎಷ್ಟೋ ಜನರದ್ದು ಹಾಗೇ ಇದೆ. ಇದಕ್ಕೆ ಯಾವ ಆ್ಯಪ್ಪೂ ಉಪಯೋಗಕ್ಕೆ ಬಾರದು. ಸೋದರಮಾವನಿಗೋ ದೊಡ್ಡಮ್ಮನಿಗೋ ಫೋನ್ ಮಾಡಿ ಕೇಳಿದರೆ "ಗೌರಿ ಹಬ್ಬದ ಹಿಂದಿನ ದಿನ, ಜೋರು ಮಳೆ" ಅನ್ನುವಂಥ ಉತ್ತರ ಬರುತ್ತದೆ. ಅಲ್ಲಿಂದ ಮುಂದೆ ಪಂಚಾಂಗದ ಆ್ಯಪ್‌ಗಳ ಕೆಲಸ. ದೃಕ್ ಪಂಚಾಂಗದಂಥವು ಕನ್ನಡದಲ್ಲೇ ಇವೆ. ಹಳೆಯ ವರ್ಷ, ಊರು ಆರಿಸಿಕೊಂಡರೆ ಆ ದಿನದ ತಿಥಿ ನಕ್ಷತ್ರ ತೋರಿಸುತ್ತವೆ. ಊರು ಬದಲಿಸದೆ ಬಿಟ್ಟರೆ ಅದು ದೆಹಲಿಯ ಸೂರ್ಯೋದಯಕ್ಕೋ ಇನ್ನೆಲ್ಲಿಯದಕ್ಕೋ ಲೆಕ್ಕ ಹಾಕಿ ಕೂತಿರಬಹುದು, ಗಮನವಿರಲಿ.

1966ರ ಯುಗಾದಿಯಿಂದ 1967ರ ಯುಗಾದಿಯ ಒಳಗೆ ಹುಟ್ಟಿದವರದು ಪರಾಭವ ಸಂವತ್ಸರ. ಅರವತ್ತು ಸಂವತ್ಸರಗಳ ಒಂದು ಸುತ್ತು ಮುಗಿದು 2026ರ ಮಾರ್ಚ್ 19ರ ಯುಗಾದಿಗೆ ಮತ್ತೆ ಪರಾಭವವೇ ಬರುತ್ತದೆ. ಅರವತ್ತಕ್ಕೆ ನಮ್ಮಲ್ಲಿ ಇಷ್ಟು ತೂಕ ಬಂದದ್ದು ಈ ಸುತ್ತಿನಿಂದಲೇ. ಆದರೆ ಷಷ್ಟ್ಯಬ್ದಿ ಶಾಂತಿ ಅನ್ನುವುದು ಹೆಚ್ಚಿನ ಮನೆಗಳಲ್ಲಿ ಗಂಡನ ವಯಸ್ಸಿನ ಲೆಕ್ಕಕ್ಕೆ ದಂಪತಿ ಒಟ್ಟಿಗೆ ಕೂತು ಮಾಡುವ ಕರ್ಮ. ಅಮ್ಮನ ಅರವತ್ತನ್ನು ಬೇರೆಯಾಗಿ ಆಚರಿಸಲು ಅಷ್ಟೊಂದು ಶಾಸ್ತ್ರದ ಕಟ್ಟು ಇಲ್ಲ. ಅಪ್ಪ ಇಲ್ಲದ ಮನೆಯಲ್ಲಿ "ಹೇಗೆ ಮಾಡೋದು" ಅಂತ ಹಿಂದೇಟು ಹಾಕುವವರಿಗೂ ಇದು ಅನುಕೂಲವೇ: ದೇವಸ್ಥಾನದಲ್ಲಿ ಅವರ ಹೆಸರಿಗೆ ಅರ್ಚನೆ, ಮಧ್ಯಾಹ್ನ ಊಟ, ಸಂಜೆ ಹಾಡು ಹರಟೆ. ಯಾರೂ ಏನೂ ಅನ್ನಲಾರರು. ಅಂದರೆ ಅನ್ನಲಿ.

ನನ್ನ ಆಯ್ಕೆ: ತಿಥಿಯ ದಿನ ಮನೆಯ ಮಟ್ಟಿಗೆ ಎಣ್ಣೆಸ್ನಾನ, ಪೂಜೆ, ಜನ ಸೇರುವುದು ಹತ್ತಿರದ ಭಾನುವಾರ. ಹೋಮ ಹವನ ಇದ್ದರೆ ಮಾತ್ರ ಪುರೋಹಿತರು ಹೇಳಿದ ದಿನವೇ ದಿನ. ಆ್ಯಪ್ ನೋಡಿ ನೀವೇ ಎರಡು ಮೂರು ದಿನ ಆರಿಸಿಟ್ಟುಕೊಂಡು ಅವರಿಗೆ ಫೋನ್ ಮಾಡಿ. "ಯಾವತ್ತು ಒಳ್ಳೇದಿದೆ" ಅಂತ ಬರಿಗೈಯಲ್ಲಿ ಕೇಳಿದರೆ ಅವರು ಮಂಗಳವಾರ ಅನ್ನದಿದ್ದರೂ ಗುರುವಾರ ಅನ್ನುತ್ತಾರೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆಚರಣೆ ಪಾಲಿಸುವ ಮನೆಯಾದರೆ ಅದನ್ನೂ, ಆಷಾಢ, ಪಿತೃಪಕ್ಷಗಳನ್ನೂ ಮೊದಲೇ ಬಿಟ್ಟು ಲೆಕ್ಕ ಹಾಕಿ.

ಗುಟ್ಟೋ, ಹೇಳಿಯೇ ಮಾಡುವುದೋ

ಸರ್‌ಪ್ರೈಸ್ ಅನ್ನುವುದು ಮಕ್ಕಳಿಗೆ ಖುಷಿ. ಅರವತ್ತರ ಹೆಂಗಸಿಗೆ ಅದು ಅಷ್ಟೇನೂ ಖುಷಿಯಲ್ಲ ಅಂತ ನನ್ನ ಅಭಿಪ್ರಾಯ. ಅವರಿಗೆ ಸೀರೆ ಆರಿಸಬೇಕು, ಫಾಲ್ ಹಾಕಿಸಬೇಕು, ಬ್ಲೌಸ್ ಹೊಲಿಸಬೇಕು. ಟೈಲರ್ "ಎರಡು ವಾರ ಅಕ್ಕಾ" ಅನ್ನುತ್ತಾಳೆ. ತವರಿನ ಕಡೆಯವರಲ್ಲಿ ಯಾರನ್ನು ಮೊದಲು ಕರೆಯಬೇಕು, ಯಾರಿಗೆ ಯಾರ ಜತೆ ಮಾತಿಲ್ಲ ಅನ್ನುವ ನಕ್ಷೆ ಅವರ ತಲೆಯಲ್ಲಿ ಮಾತ್ರ ಇದೆ. ಇದನ್ನೆಲ್ಲ ತಪ್ಪಿಸಿ ಒಂದು ದಿನ ಇದ್ದಕ್ಕಿದ್ದಂತೆ ಛತ್ರದೊಳಗೆ ನಿಲ್ಲಿಸಿದರೆ, ಫೋಟೊದಲ್ಲಿ ಅವರು ಉಟ್ಟಿರುವುದು ನಿತ್ಯದ ಸೀರೆ.

ಪೂರ್ತಿ ಹೇಳಿಬಿಟ್ಟರೆ ಇನ್ನೊಂದು ತೊಂದರೆ. ಕಾರ್ಯಕ್ರಮ ಅವರದ್ದೇ ಕೆಲಸವಾಗುತ್ತದೆ. ಬೆಳಗ್ಗೆ ಆರಕ್ಕೆ ಫೋನ್: "ಬಾಳೆಎಲೆಗೆ ಹೇಳಿದ್ಯಾ?"

ಅರ್ಧ ಗುಟ್ಟು ಒಳ್ಳೆಯದು. ದಿನ, ಜಾಗ, ಯಾರ್ಯಾರನ್ನು ಕರೆಯುವುದು, ಇಷ್ಟು ಅವರಿಗೆ ಗೊತ್ತಿರಲಿ. ಒಂದೇ ಒಂದು ಸಂಗತಿ ಮುಚ್ಚಿಡಿ: ನ್ಯೂಜೆರ್ಸಿಯ ಮಗಳು ಬರುವುದು, ಅಥವಾ ಹೈಸ್ಕೂಲಿನ ಗೆಳತಿಯನ್ನು ಹುಡುಕಿ ಕರೆಸುವುದು. ಒಂದನ್ನು ಮುಚ್ಚಿಡಲು ವಾಟ್ಸಾಪಿನ ಚಾಟ್ ಲಾಕ್ ಸಾಕು. ಗುಟ್ಟು ಒಡೆಯುವುದು ಹೆಚ್ಚಾಗಿ ಬೇರೆ ಬಾಗಿಲಿನಿಂದ. ಅಮ್ಮನ ಫೋನಿನಲ್ಲಿ ನಿಮ್ಮದೇ ಗೂಗಲ್ ಖಾತೆ ಹಾಕಿಕೊಟ್ಟಿರುತ್ತೀರಿ, ನೀವು ಕ್ಯಾಲೆಂಡರಿನಲ್ಲಿ ಬರೆದದ್ದು ಅಲ್ಲಿ ಟಿಂಗ್ ಅನ್ನುತ್ತದೆ. ಹಾಗೆಯೇ ಅಪ್ಪನ ಫೋನು. ಮನೆಯಲ್ಲಿ ಯಾರ ಫೋನ್ ರಿಂಗಾದರೂ ಎತ್ತುವವರು ಅಮ್ಮನೇ. ಅಪ್ಪನಿಗೆ ಗುಟ್ಟಿನ ವಿಷಯ ಬರೆಯಬೇಡಿ, ಅವರು ವಾಕಿಂಗ್ ಹೋದ ಹೊತ್ತು ನೋಡಿ ಮಾತಾಡಿ.

ಒಳಗಿನ ಮಾತುಕತೆ: ಗ್ರೂಪ್, ಕಾನ್ಫರೆನ್ಸ್ ಕಾಲ್, ಶೀಟ್

ವಾಟ್ಸಾಪ್ ಗ್ರೂಪ್ ಮಾಡದೆ ಯಾರೂ ಬಿಡುವುದಿಲ್ಲ, ಮಾಡಿ. ಆದರೆ ಎರಡು ಮಾಡಿ. ಒಂದರಲ್ಲಿ ಮಕ್ಕಳು, ಸೊಸೆ, ಅಳಿಯ, ಅಷ್ಟೇ. ನಿರ್ಧಾರ ಅಲ್ಲಿ. ಇನ್ನೊಂದು ನೆಂಟರ ಗ್ರೂಪ್. ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಡಿ. ಇಲ್ಲದಿದ್ದರೆ ಛತ್ರದ ವಿಳಾಸ ಹಾಕಿದ ಹತ್ತು ನಿಮಿಷಕ್ಕೆ ಅದರ ಮೇಲೆ ನಲವತ್ತು ಕೈಮುಗಿದ ಚಿತ್ರ, ಎರಡು ಸುಪ್ರಭಾತ, ಒಂದು ರಾಜಕೀಯದ ವಿಡಿಯೊ ಬಿದ್ದು ವಿಳಾಸ ಕಾಣದಾಗುತ್ತದೆ.

ಗ್ರೂಪಿನಲ್ಲಿ ಚರ್ಚೆ ನಡೆಯುತ್ತದೆ, ನಿರ್ಧಾರ ಆಗುವುದಿಲ್ಲ. "ಛತ್ರನಾ ಮನೆನಾ?" ಅಂದರೆ ಒಬ್ಬರು ಹೆಬ್ಬೆಟ್ಟು ತೋರಿಸುತ್ತಾರೆ, ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ಪೋಲ್ ಹಾಕಿದರೆ ಇದು ತಪ್ಪುತ್ತದೆ. ಹಾಕುವಾಗ ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಅವಕಾಶ ಕೊಡುವ ಗುಂಡಿಯನ್ನು ದಿನ ಕೇಳುವಾಗ ಆನ್ ಇಡಿ (ಯಾರಿಗೆ ಯಾವ್ಯಾವ ದಿನ ಆಗುತ್ತದೆ ತಿಳಿಯಬೇಕು), ಜಾಗ ಕೇಳುವಾಗ ಆಫ್ ಮಾಡಿ. ದುಡ್ಡಿನ ವಿಷಯವನ್ನು ಮಾತ್ರ ಪೋಲಿಗೆ ಹಾಕಬೇಡಿ. ಅದು ಕಾನ್ಫರೆನ್ಸ್ ಕಾಲಿನಲ್ಲಿ ಆಗಬೇಕಾದ ಮಾತು. ಅಕ್ಕ ಒಂದು ಕ್ಷಣ ಸುಮ್ಮನಾದಳು ಅಂದರೆ ಅವಳಿಗೆ ಭಾರವಾಗುತ್ತಿದೆ ಅಂತ ತಿಳಿಯುವುದು ದನಿಯಲ್ಲಿ, ಚಾಟಿನಲ್ಲಿ ಅಲ್ಲ.

ಪಟ್ಟಿಗೆ ಗೂಗಲ್ ಕೀಪ್ ಮತ್ತು ಗೂಗಲ್ ಶೀಟ್ ಎರಡನ್ನೂ ಹೋಲಿಸಿದರೆ, ಮಾಡಬೇಕಾದ ಕೆಲಸಗಳಿಗೆ ಕೀಪ್ ಹಗುರ: ಎಲ್ಲರೂ ತೆರೆಯಬಹುದು, ಟಿಕ್ ಹೊಡೆಯಬಹುದು, ಕನ್ನಡದಲ್ಲಿ ಮಾತಾಡಿಯೇ ಬರೆಸಬಹುದು. ಬರುವವರ ಎಣಿಕೆಗೆ ಶೀಟ್ ಬೇಕೇ ಬೇಕು. ನಾಲ್ಕು ಕಾಲಂ ಸಾಕು: ಮನೆಯ ಹೆಸರು, ಎಷ್ಟು ಜನ, ರಾತ್ರಿ ಉಳಿಯುತ್ತಾರಾ, ಯಾರು ಫೋನ್ ಮಾಡಿ ಕರೆದದ್ದು. ಈ ಕೊನೆಯ ಕಾಲಂ ಇಲ್ಲದಿದ್ದರೆ "ನೀನು ಕರೆದಿದ್ದೀ ಅಂದ್ಕೊಂಡೆ" ಅನ್ನುವ ಮಾತು ಬಂದೇ ಬರುತ್ತದೆ. ಅಪ್ಪನ ಪಾಲಿಗೆ ಇದ್ಯಾವುದೂ ಬೇಡ. ಅವರು ಹಳೇ ಡೈರಿಯಲ್ಲಿ ಬರೆಯುತ್ತಾರೆ, ಅದರ ಫೋಟೊ ತೆಗೆದು ಕಳಿಸಿದರೆ ನೀವೇ ಶೀಟಿಗೆ ಏರಿಸಿ.

ಕರೆಯುವುದು

ಇಲ್ಲಿ ಎಡವಿದರೆ ಎದ್ದೇಳುವುದು ಕಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ದಾರಿಗಳು ನಾಲ್ಕು: ಅಚ್ಚು ಹಾಕಿಸಿದ ಕಾರ್ಡು, ವಾಟ್ಸಾಪಿಗೆ ಹಾಕುವ ಚಿತ್ರ, ಹಾಡು ಹಾಕಿದ ವಿಡಿಯೊ, ಬರೀ ಫೋನ್ ಕರೆ. ಖರ್ಚು ನೋಡಿದರೆ ಚಿತ್ರವೇ ಗೆಲ್ಲುತ್ತದೆ. ಗೌರವ ನೋಡಿದರೆ ಕರೆ. ಚಿತ್ರವನ್ನು ಕಳಿಸಿ ಸುಮ್ಮನಾದರೆ ಹಿರಿಯರ ಲೆಕ್ಕದಲ್ಲಿ ಕರೆದ ಹಾಗೇ ಅಲ್ಲ. "ವಾಟ್ಸಾಪಲ್ಲಿ ಹಾಕಿದ್ರಪ್ಪ, ನೋಡಿದೆ" ಅನ್ನುವ ಮಾತಿನಲ್ಲಿ ಎಷ್ಟು ಸಿಟ್ಟಿದೆ ಅನ್ನುವುದು ಕೇಳಿದವರಿಗೇ ಗೊತ್ತು. ಮೊದಲು ಫೋನ್ ಮಾಡಿ, ಮಾತಿನ ಕೊನೆಗೆ "ವಿಳಾಸ ಕಳಿಸ್ತೀನಿ ದೊಡ್ಡಪ್ಪ" ಅಂದು ಆಮೇಲೆ ಚಿತ್ರ ಹಾಕಿ. ಕ್ರಮ ತಿರುಗಿಸಬೇಡಿ. ಸೋದರಮಾವ, ಅತ್ತೆಯಂದಿರು, ಬೀಗರು, ಇಷ್ಟು ಜನಕ್ಕೆ ಅಪ್ಪನೋ ಅಮ್ಮನೋ ಖುದ್ದು ಮಾತಾಡಬೇಕು. ನೀವು ನಂಬರ್ ಹಚ್ಚಿಕೊಡಿ.

ನಿಮ್ಮ ಓರಗೆಯವರಿಗೆ, ಅಮ್ಮನ ಸಹೋದ್ಯೋಗಿಗಳಿಗೆ ಚಿತ್ರ ಮತ್ತು ಎರಡು ಸಾಲು ಸಾಕು. ವಿಡಿಯೊ ಆಹ್ವಾನ ನನಗೆ ಅಷ್ಟು ಹಿಡಿಸುವುದಿಲ್ಲ. ದಿನಾಂಕ ನೋಡಬೇಕೆಂದರೆ ಪ್ರತಿ ಸಲವೂ ಗಣಪತಿ ಶ್ಲೋಕದಿಂದ ಶುರು ಮಾಡಬೇಕು.

ಬ್ರಾಡ್‌ಕಾಸ್ಟ್ ಪಟ್ಟಿ ಗ್ರೂಪಿಗಿಂತ ಒಳ್ಳೆಯದು ಅನಿಸಬಹುದು, ಒಬ್ಬೊಬ್ಬರಿಗೂ ಬೇರೆಯಾಗಿ ಹೋದ ಹಾಗೆ ಕಾಣುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿ. ಅದಕ್ಕಿಂತ ಮುಖ್ಯ, ನಿಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿರದಿದ್ದರೆ ಸಂದೇಶ ಅವರಿಗೆ ತಲುಪುವುದೇ ಇಲ್ಲ. ಅಮ್ಮನ ಕಡೆಯ ನೆಂಟರಲ್ಲಿ ಎಷ್ಟು ಜನ ನಿಮ್ಮ ನಂಬರ್ ಇಟ್ಟುಕೊಂಡಿದ್ದಾರೆ? ಬ್ರಾಡ್‌ಕಾಸ್ಟ್ ಮಾಡುವುದಾದರೆ ಅಮ್ಮನ ಫೋನಿನಿಂದ ಮಾಡಿ.

ಕಾರ್ಡನ್ನು ಕ್ಯಾನ್ವಾ ಅನ್ನುವ ವಿನ್ಯಾಸದ ಆ್ಯಪಿನಲ್ಲಿ ನೀವೇ ಮಾಡಬಹುದು, ಅಂಗಡಿಯಲ್ಲೂ ಮಾಡಿಸಬಹುದು. ಎರಡರಲ್ಲೂ ಕನ್ನಡ ಕೈಕೊಡುವ ಜಾಗಗಳಿವೆ. ಆ್ಯಪಿನ ಎಲ್ಲ ಫಾಂಟ್‌ಗಳೂ ಕನ್ನಡದವಲ್ಲ. ಕೆಲವು ಒತ್ತಕ್ಷರವನ್ನು ಕೆಳಗೆ ಕೂರಿಸದೆ ಪಕ್ಕದಲ್ಲಿ ಬಿಡಿಸಿಡುತ್ತವೆ. ಪರೀಕ್ಷೆಗೆ ಬೇರೇನೂ ಬೇಡ, "ಷಷ್ಟ್ಯಬ್ದಿ" ಅಂತ ಒಂದು ಪದ ಟೈಪ್ ಮಾಡಿ. ಷಕಾರದ ಕೆಳಗೆ ಟ, ಅದರ ಜತೆಗೆ ಯ, ಆಮೇಲೆ ಬಕಾರಕ್ಕೆ ದಕಾರದ ಒತ್ತು, ಮೇಲೆ ಗುಡಿಸು. ಇದು ಸರಿಯಾಗಿ ಕೂತರೆ ಉಳಿದದ್ದೆಲ್ಲ ಕೂರುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನವರ ಕಥೆ ಇನ್ನೊಂದು: ಹಲವರು ಈಗಲೂ "ನುಡಿ" ಅಥವಾ "ಬರಹ" ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಕೆಲಸ ಮಾಡುತ್ತಾರೆ. ನೀವು ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಪಠ್ಯವನ್ನು ಅಲ್ಲಿ ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ. ಹಾಗಾಗಿ ಅವರು ಮತ್ತೆ ಕೈಯಲ್ಲಿ ಟೈಪ್ ಮಾಡುತ್ತಾರೆ, ಹೆಸರುಗಳು ತಪ್ಪುವುದು ಆಗಲೇ. ಕರಡಿನ ಫೋಟೊ ಬಂದಾಗ ಅಮ್ಮನ ಹೆಸರು, ತಾರೀಖು, ವಾರ, ಈ ಮೂರನ್ನು ಜೋರಾಗಿ ಓದಿ ನೋಡಿ. ತಾರೀಖು ಸರಿಯಿದ್ದು ವಾರ ತಪ್ಪಿರುವ ಕಾರ್ಡುಗಳಿಗೆ ನಮ್ಮಲ್ಲಿ ಬರವಿಲ್ಲ.

ಆಹ್ವಾನವನ್ನು ಚಿತ್ರವಾಗಿಯೇ ಕಳಿಸಿ. ಲಿಂಕ್ ಬೇಡ, ಡೌನ್‌ಲೋಡ್ ಮಾಡಿಕೊಳ್ಳಿ ಅನ್ನುವ ಕಡತ ಬೇಡ. ಮದುವೆ ಕರೆಯೋಲೆಯ ಹೆಸರಿನಲ್ಲಿ ಎಪಿಕೆ ಕಡತ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವಂಥದ್ದು) ಕಳಿಸಿ ಫೋನಿನೊಳಗೆ ನುಗ್ಗಿ ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚನೆ ನಡೆಯುತ್ತಿದೆ. ನಿಮ್ಮಿಂದ ಬಂದ ಲಿಂಕನ್ನು ಒತ್ತಿ ಅಭ್ಯಾಸವಾದ ದೊಡ್ಡಪ್ಪ ನಾಳೆ ಅಂಥದ್ದನ್ನೂ ಒತ್ತಬಹುದು.

ಜಾಗಕ್ಕೆ ಮ್ಯಾಪ್ ಪಿನ್ ಹಾಕಿ, ಜತೆಗೆ ಬಾಯಲ್ಲಿ ಹೇಳುವ ಗುರುತನ್ನೂ ಬರೆಯಿರಿ: ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ, ಯಾವ ದೇವಸ್ಥಾನದ ಹಿಂದೆ. ಆಟೊದವರಿಗೆ ಬೇಕಾದ್ದು ಎರಡನೆಯದು.

ಊಟ

ಸಂಖ್ಯೆ ಇಲ್ಲಿ ತೀರ್ಮಾನ ಮಾಡುತ್ತದೆ. ಹನ್ನೆರಡು ಹದಿನೈದು ಜನವಾದರೆ ಸ್ವಿಗ್ಗಿ, ಜೊಮ್ಯಾಟೊದಲ್ಲಿ ತರಿಸಿಕೊಳ್ಳಬಹುದು, ಅಥವಾ ಹೋಟೆಲಿನಲ್ಲಿ ಟೇಬಲ್ ಹೇಳಬಹುದು. ಮೂವತ್ತು ದಾಟಿದರೆ ಆ್ಯಪ್ ಊಟ ಸೋಲುತ್ತದೆ. ಡಬ್ಬಿ ಬಿಚ್ಚುವುದೇ ಒಂದು ಕೆಲಸ, ಸಾರು ಆರಿರುತ್ತದೆ, ಬಡಿಸುವವರು ಯಾರು ಅಂದರೆ ಅಮ್ಮನೇ ಎದ್ದು ನಿಲ್ಲುತ್ತಾರೆ.

ಐವತ್ತರ ಮೇಲೆ ಎರಡೇ ದಾರಿ. ಕೇಟರಿಂಗ್‌ನವರು ಎಲೆಗೆ ಇಂತಿಷ್ಟು ಅಂತ ದರ ಹೇಳುತ್ತಾರೆ. ಸಾಮಾನು, ಜನ, ಬಡಿಸುವುದು ಎಲ್ಲ ಅವರದು. ಅಡುಗೆ ಭಟ್ಟರಾದರೆ ಕೂಲಿ ಅವರದು, ಸಾಮಾನು ನಿಮ್ಮದು. ಎರಡನೆಯದರಲ್ಲಿ ರುಚಿ ಹೆಚ್ಚು, ಅಮ್ಮ ಹೇಳಿದ ಹಾಗೆ ಕಾಯಿಹೋಳಿಗೆಯೋ ಎಣಗಾಯಿಯೋ ಆಗುತ್ತದೆ. ಆದರೆ ಊರಲ್ಲಿ ನಿಂತು ಸಾಮಾನು ತರಿಸಿ, ತರಕಾರಿ ನೋಡಿ, ಮೊಸರು ಹೇಳುವ ಒಬ್ಬರು ಬೇಕು. ಎಲ್ಲ ಮಕ್ಕಳೂ ದೂರದಲ್ಲಿದ್ದು ಫೋನಿನಲ್ಲೇ ನಡೆಸುವುದಾದರೆ ನಾನು ಕೇಟರಿಂಗ್ ಕಡೆಗೇ ವಾಲುತ್ತೇನೆ. ಊರಲ್ಲಿ ಚುರುಕಿನ ಚಿಕ್ಕಪ್ಪನೊಬ್ಬ ಇದ್ದರೆ ಕಣ್ಣುಮುಚ್ಚಿ ಭಟ್ಟರು.

ಭಟ್ಟರ ಜತೆ ವ್ಯವಹಾರ ಕರೆಯಲ್ಲೇ ಆಗಬೇಕು. "ಎಷ್ಟು ಎಲೆ?" "ನೂರು." "ನೂರು ಅಂದ್ರೆ ನೂರಾ ಇಪ್ಪತ್ತಕ್ಕೆ ಹಿಡೀಲಾ?" ಈ ಪ್ರಶ್ನೆ ಮೆಸೇಜಿನಲ್ಲಿ ಹುಟ್ಟುವುದಿಲ್ಲ. ಆದರೆ ಕರೆ ಮುಗಿದ ಕೂಡಲೇ ಮಾತಾಡಿದ್ದನ್ನು ಬರೆದು ಕಳಿಸಿ:

"ಭಟ್ರೇ, ಮಾತಾಡಿದ ಹಾಗೆ: ಭಾನುವಾರ ಬೆಳಗ್ಗೆ ತಿಂಡಿ 40 ಜನ, ಮಧ್ಯಾಹ್ನ ಊಟ 110 ಎಲೆ. ಸಿಹಿ ಎರಡು, ಹೋಳಿಗೆ ಮತ್ತು ಪಾಯಸ. ಪಾತ್ರೆ ಛತ್ರದ್ದು, ಗ್ಯಾಸ್ ನಿಮ್ಮದು. ಬಡಿಸಲು ನಿಮ್ಮ ಕಡೆಯಿಂದ ನಾಲ್ಕು ಜನ. ಅಡ್ವಾನ್ಸ್ 5,000 ಹಾಕಿದ್ದೇನೆ. ಸಾಮಾನು ಪಟ್ಟಿ ಗುರುವಾರದೊಳಗೆ ಕಳಿಸಿ."

ಅವರು "ಸರಿ" ಅಂತ ಒಂದು ಪದ ಬರೆದರೆ ಸಾಕು. ಅವರು ಕಳಿಸುವ ಪಟ್ಟಿ ಹಾಳೆಯಲ್ಲಿ ಬರೆದು ಫೋಟೊ ತೆಗೆದದ್ದಾಗಿರುತ್ತದೆ. ಅದನ್ನು ನೀವು ಕೂತು ಟೈಪ್ ಮಾಡುವ ಅಗತ್ಯವಿಲ್ಲ, ಹಾಗೇ ಊರಿನ ದಿನಸಿ ಅಂಗಡಿಗೆ ಫಾರ್ವರ್ಡ್ ಮಾಡಿ. ಆ ಕೈಬರಹ ಓದುವುದು ಅಂಗಡಿಯವರಿಗೆ ನಿಮಗಿಂತ ಚೆನ್ನಾಗಿ ಬರುತ್ತದೆ.

ದುಡ್ಡು

ಖರ್ಚು ಹಂಚಿ ಲೆಕ್ಕ ಹೇಳುವ ಸ್ಪ್ಲಿಟ್‌ವೈಸ್ ಆ್ಯಪ್ ಗೆಳೆಯರ ಪ್ರವಾಸಕ್ಕೆ ಚೆನ್ನ. ಒಡಹುಟ್ಟಿದವರ ನಡುವೆ ಅದು ನನಗೆ ಸರಿ ಕಾಣುವುದಿಲ್ಲ. ಸಂಪಾದನೆ ಸಮ ಇರುವುದಿಲ್ಲ. "ನೀನು 18,240 ಕೊಡಬೇಕು" ಅಂತ ಕಿತ್ತಳೆ ಬಣ್ಣದಲ್ಲಿ ತೋರಿಸಿದರೆ ತಮ್ಮನಿಗಲ್ಲ, ತಮ್ಮನ ಹೆಂಡತಿಗೆ ನಾಟುತ್ತದೆ. ಉಚಿತ ಆವೃತ್ತಿಯಲ್ಲಿ ದಿನಕ್ಕೆ ಕೆಲವೇ ಖರ್ಚು ಬರೆಯಲು ಬಿಡುತ್ತದೆ ಅನ್ನುವುದು ಬೇರೆ. ಇದಕ್ಕಿಂತ ಬಾಬತ್ತು ಹಂಚಿಕೊಳ್ಳುವುದು ಮೇಲು: ಛತ್ರ ಒಬ್ಬರದು, ಊಟ ಒಬ್ಬರದು, ಸೀರೆ ಮತ್ತು ಫೋಟೊ ಇನ್ನೊಬ್ಬರದು. ಯಾರು ಎಷ್ಟು ಹಾಕಿದರು ಅನ್ನುವುದು ಬಿಲ್ಲಿನಲ್ಲೇ ಮುಗಿಯುತ್ತದೆ. ಸಣ್ಣಪುಟ್ಟ ಖರ್ಚಿಗೆ ಊರಲ್ಲಿರುವವರ ಖಾತೆಗೆ ಮೊದಲೇ ಒಂದಿಷ್ಟು ಹಾಕಿಡಿ. ಯುಪಿಐ ಮಾಡುವಾಗ ಟಿಪ್ಪಣಿಯಲ್ಲಿ "ಹೂ", "ಶಾಮಿಯಾನ" ಅಂತ ಒಂದೊಂದು ಪದ ಹಾಕಿದರೆ ಲೆಕ್ಕ ತಾನಾಗಿ ಸಿಗುತ್ತದೆ.

ಹೊರದೇಶದಲ್ಲಿರುವವರು ಎನ್‌ಆರ್‌ಇ ಅಥವಾ ಎನ್‌ಆರ್‌ಒ (ಅನಿವಾಸಿ ಭಾರತೀಯರ ಬ್ಯಾಂಕ್) ಖಾತೆ ಇದ್ದರೆ, ಅಮೆರಿಕ ಸೇರಿ ಕೆಲವು ದೇಶಗಳ ನಂಬರಿನಿಂದಲೇ ಯುಪಿಐ ಮಾಡಬಹುದು. ಅವರ ಬ್ಯಾಂಕು ಮತ್ತು ಆ್ಯಪ್ ಅದನ್ನು ಕೊಡುತ್ತವೆಯೇ ಅಂತ ಮೊದಲೇ ನೋಡಿಕೊಳ್ಳಲಿ. ಇನ್ನು, ಮ್ಯಾಪಿನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿ ಛತ್ರದ ಅಡ್ವಾನ್ಸ್ ಕಳಿಸಬೇಡಿ. ಊರಿನವರೊಬ್ಬರು ಹೋಗಿ ನೋಡಿ, ಅಲ್ಲಿಯ ಕ್ಯೂಆರ್ ಫೋಟೊ ಕಳಿಸಿ, ರಸೀದಿ ಪಡೆಯಲಿ. "ಅಡ್ವಾನ್ಸ್ ವಾಪಸ್ ಕೊಡ್ತೀವಿ, ಪಿನ್ ಹಾಕಿ" ಅಂದರೆ ಅದು ಮೋಸ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ.

ದೂರದವರು

ರೈಲಿನಲ್ಲಿ ಬರುವವರಿಗೆ ಒಂದೇ ಮಾತು. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನ ಮೊದಲು ಶುರುವಾಗುತ್ತದೆ, ಹಾಗಾಗಿ ದಿನ ಗೊತ್ತಾದ ಕೂಡಲೇ ಕ್ಯಾಲೆಂಡರಿನಲ್ಲಿ ಅಲಾರಂ ಇಡಿ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಸಿಗುವ ಅವಕಾಶ ಹೆಚ್ಚು. ದೊಡ್ಡಮ್ಮನ ಟಿಕೆಟನ್ನು ಹುಡುಗರ ಜತೆ ಒಂದೇ ಪಿಎನ್‌ಆರ್‌ನಲ್ಲಿ ತುರುಕಿದರೆ ಆ ಅವಕಾಶ ತಪ್ಪಬಹುದು.

ಬರಲಾಗದವರಿಗೆ ತೋರಿಸುವುದು ಹೇಗೆ? ವಾಟ್ಸಾಪ್ ವಿಡಿಯೊ ಕಾಲಿಗೆ 32 ಜನ, ಆ ಕಡೆಯವರು ಹೊಸದಾಗಿ ಏನೂ ಕಲಿಯಬೇಕಿಲ್ಲ. ಗೂಗಲ್ ಮೀಟ್‌ಗೆ 100 ಜನ, ಉಚಿತ ಖಾತೆಯಲ್ಲಿ ಮೂವರಿಗಿಂತ ಕಡಿಮೆಯಿಲ್ಲದ ಕೂಟಕ್ಕೆ 60 ನಿಮಿಷ. ಜೂಮ್‌ನಲ್ಲಿ 40 ನಿಮಿಷಕ್ಕೇ ಬಾಗಿಲು ಮುಚ್ಚುತ್ತದೆ, ಸರಿಯಾಗಿ ಆರತಿಯ ಹೊತ್ತಿಗೆ. ಯೂಟ್ಯೂಬ್ ಲೈವ್ ಸೊಗಸು ಅನಿಸಬಹುದು, ಆದರೆ ಫೋನಿನಿಂದ ಮಾಡಲು ಚಾನೆಲ್‌ಗೆ ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು, ಮೊದಲ ಸಲ ಲೈವ್ ಚಾಲೂ ಆಗಲು ಒಂದು ದಿನ ಹಿಡಿಯಬಹುದು. ಹಿಂದಿನ ರಾತ್ರಿ ಹೊಳೆದರೆ ಆಗದು.

ನೋಡುವವರು ನಾಲ್ಕೈದು ಮನೆಯಾದರೆ ವಾಟ್ಸಾಪ್, ಹೆಚ್ಚಾದರೆ ಮೀಟ್. ಯಾವುದೇ ಆಗಲಿ, ಅದಕ್ಕೆ ಬೇರೆ ಫೋನ್ ಇಡಿ. ಲೈವ್ ನಡೆಯುತ್ತಿರುವ ಫೋನಿಗೇ "ಬಸ್ ಸ್ಟ್ಯಾಂಡಲ್ಲಿದೀವಿ, ಎಲ್ಲಿ ಬರೋದು?" ಅಂತ ಕರೆ ಬರುತ್ತದೆ. ಛತ್ರದ ಒಳಗೆ ನೆಟ್‌ವರ್ಕ್ ಸಿಗುತ್ತದಾ ಅಂತ ಜಾಗ ನೋಡಲು ಹೋದವರೇ ವಿಡಿಯೊ ಕಾಲ್ ಮಾಡಿ ತೋರಿಸಲಿ. ಜಾಗ ನೋಡಿದ ಹಾಗೂ ಆಯಿತು. ಚಿತ್ರಕ್ಕಿಂತ ಸದ್ದಿನ ಚಿಂತೆ ಮಾಡಿ. ವಾಲಗದ ಪಕ್ಕ ಫೋನ್ ಇಟ್ಟರೆ ಆ ಕಡೆ ಗದ್ದಲ ಬಿಟ್ಟು ಬೇರೇನೂ ಕೇಳಿಸದು.

ಹೊತ್ತಿನ ಲೆಕ್ಕವನ್ನು ಮರೆಯಬೇಡಿ. ಬೇಸಿಗೆ ಕಾಲದಲ್ಲಿ ನಮ್ಮ ಬೆಳಗಿನ 11 ಅಂದರೆ ನ್ಯೂಜೆರ್ಸಿಯಲ್ಲಿ ನಡುರಾತ್ರಿ ಒಂದೂವರೆ. ಸಂಜೆ ಆರೂವರೆಗೆ ಕೇಕೋ ಆರತಿಯೋ ಇಟ್ಟರೆ ಅವರಿಗೆ ಬೆಳಗ್ಗೆ ಒಂಬತ್ತು, ಮಕ್ಕಳೂ ಎದ್ದಿರುತ್ತಾರೆ. ಮತ್ತೆ, ಲೈವ್ ಇದೆ ಅಂತ ಫೋನನ್ನು ಕೈಯಿಂದ ಕೈಗೆ ದಾಟಿಸಿ "ಮಾತಾಡು, ಮಾತಾಡು" ಅನ್ನಬೇಡಿ. ಅಮ್ಮ ಮತ್ತು ದೂರದ ಮಗಳಿಗೆ ಅಂತಲೇ ಬೆಳಗ್ಗೆ ಸೀರೆ ಉಟ್ಟ ಕೂಡಲೇ ಹತ್ತು ನಿಮಿಷದ ಒಂದು ಕರೆ, ಬಾಗಿಲು ಹಾಕಿಕೊಂಡು. ಮಗಳು ಅಷ್ಟು ಹೊತ್ತು ಎಚ್ಚರವಿದ್ದೇ ಇರುತ್ತಾಳೆ.

ಫೋಟೊ, ದನಿ

ಹಳೆಯ ಫೋಟೊ ಒಟ್ಟುಮಾಡುವಾಗ ಮೂರು ದಾರಿ. ಆಲ್ಬಮ್ಮಿನ ಮೇಲೆ ಫೋನ್ ಹಿಡಿದು ಕ್ಲಿಕ್ಕಿಸುವುದು ಬೇಗ, ಆದರೆ ಟ್ಯೂಬ್‌ಲೈಟಿನ ಬಿಳಿ ಗೆರೆ ಮುಖದ ಮೇಲೇ ಬೀಳುತ್ತದೆ. ಗೂಗಲ್ಲಿನ ಫೋಟೊಸ್ಕ್ಯಾನ್ ಆ್ಯಪ್ ಒಂದೇ ಫೋಟೊವನ್ನು ನಾಲ್ಕು ಮೂಲೆಗಳಿಂದ ತೆಗೆಸಿ ಹೊಳಪನ್ನು ಕಳೆಯುತ್ತದೆ. ಹಗಲಲ್ಲಿ ಕಿಟಕಿಯ ಹತ್ತಿರ ಕೂತು ಮಾಡಿದರೆ ಚೆನ್ನಾಗಿ ಬರುತ್ತದೆ. ಮದುವೆಯ ಕಪ್ಪು-ಬಿಳುಪು ಫೋಟೊ ಒಂದೆರಡನ್ನು ದೊಡ್ಡದು ಮಾಡಿಸುವುದಿದ್ದರೆ ಮಾತ್ರ ಸ್ಟುಡಿಯೊಗೆ ಕೊಟ್ಟು ಸ್ಕ್ಯಾನ್ ಮಾಡಿಸಿ. ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡ ಫೋಟೊವನ್ನು ಕಿತ್ತು ತೆಗೆಯಲು ಹೋಗಬೇಡಿ, ಹಾಳೆಯ ಸಮೇತ ಕೊಡಿ.

ಇದಕ್ಕೆಲ್ಲ ಮೀರಿದ್ದು ದನಿ. ಹಾಡು ಹಾಕಿ, ಫೋಟೊ ಓಡಿಸುವ ವಿಡಿಯೊವನ್ನು ಈಗ ಯಾವ ಆ್ಯಪಾದರೂ ಮಾಡಿಕೊಡುತ್ತದೆ. ಎರಡು ಸಲ ನೋಡಿ ಮರೆಯುತ್ತಾರೆ. ಅದರ ಬದಲು ಅಮ್ಮನ ಬಲ್ಲವರಿಂದ ಒಂದೊಂದು ನಿಮಿಷದ ವಾಯ್ಸ್ ಮೆಸೇಜ್ ತರಿಸಿ. ಬರೆಯಲು ಬಾರದವರೂ, ಕ್ಯಾಮೆರಾ ಎದುರು ನಾಚುವವರೂ ಇದಕ್ಕೆ ಒಪ್ಪುತ್ತಾರೆ. "ಅಮ್ಮನ ಬಗ್ಗೆ ಏನಾದರೂ ಹೇಳಿ" ಅಂದರೆ ಎಲ್ಲರೂ "ನೂರು ಕಾಲ ಚೆನ್ನಾಗಿರಲಿ" ಅಂದು ಮುಗಿಸುತ್ತಾರೆ. ಕೇಳುವಾಗ ಚೂಪಾಗಿ ಕೇಳಿ: ಶಾಲೆಗೆ ಹೋಗುವಾಗ ದಾರಿಯಲ್ಲಿ ಏನು ಮಾಡುತ್ತಿದ್ದಿರಿ? ಅವಳು ಮೊದಲು ಮಾಡಿದ ಅಡುಗೆ ಹೇಗಿತ್ತು? ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಹತ್ತಿರ ಏನಂದು ಬೈಸಿಕೊಂಡಳು? ಬಂದದ್ದನ್ನು ಫೋಟೊ ಜತೆ ಜೋಡಿಸುವುದಾದರೆ ಗೊತ್ತಿರಲಿ, ವಾಟ್ಸಾಪಿನ ವಾಯ್ಸ್ ಮೆಸೇಜ್ ಓಪಸ್ ಅನ್ನುವ ರೂಪದಲ್ಲಿರುತ್ತದೆ, ಕೆಲವು ಎಡಿಟಿಂಗ್ ಆ್ಯಪ್‌ಗಳು ಅದನ್ನು ತೆಗೆದುಕೊಳ್ಳುವುದಿಲ್ಲ. ಎಂಪಿ3ಗೆ ಬದಲಿಸಿಕೊಂಡರೆ ಆಯಿತು.

ಆ ದಿನದ ಫೋಟೊಗಳನ್ನು ಗ್ರೂಪಿಗೆ ಸುರಿಯುವುದು ಸುಲಭ, ಆದರೆ ವಾಟ್ಸಾಪ್ ಅವನ್ನು ಕುಗ್ಗಿಸುತ್ತದೆ. ಎಚ್‌ಡಿ ಆರಿಸಿದರೂ ಮೂಲದಷ್ಟು ಉಳಿಯದು. ಫೋನಿನಲ್ಲಿ ನೋಡಲು ಸಾಕು, ಪ್ರಿಂಟ್ ಹಾಕಿಸಲು ಸಾಲದು. ಗೂಗಲ್ ಫೋಟೊಸ್‌ನಲ್ಲಿ ಹಂಚಿಕೊಳ್ಳುವ ಆಲ್ಬಮ್ ಮಾಡಿ, ಫೋಟೊ ತೆಗೆದವರಿಗೆಲ್ಲ ಲಿಂಕ್ ಕೊಡಿ, ಅವರವರ ಫೋಟೊ ಅವರೇ ಹಾಕಲಿ. 15 ಜಿಬಿ ಉಚಿತ ಜಾಗದಲ್ಲಿ ಜಿಮೇಲ್, ಡ್ರೈವ್ ಕೂಡ ಸೇರಿವೆ, ಹಾಗಾಗಿ ಹಾಕುವವರ ಖಾತೆಯಲ್ಲಿ ಜಾಗ ಇರಬೇಕು. ಸ್ಟುಡಿಯೊದವರ ಫೋಟೊಗಳನ್ನು ಪೆನ್‌ಡ್ರೈವಿನಲ್ಲೇ ಕೇಳಿ ಪಡೆಯಿರಿ.

ಅಮ್ಮನ ಫೋನಿಗೆ ಮಾತ್ರ ಲಿಂಕ್ ಕಳಿಸಿ ಬಿಡಬೇಡಿ, ಅವರು ಅದನ್ನು ತೆರೆಯುವುದಿಲ್ಲ. ಮೂವತ್ತು ನಲವತ್ತು ಒಳ್ಳೆಯವನ್ನು ಆರಿಸಿ ಅವರ ಗ್ಯಾಲರಿಗೇ ಇಳಿಸಿಕೊಡಿ. ಜಾಗ ಇಲ್ಲ ಅನ್ನುತ್ತದೆ, ಖಂಡಿತ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂತ ಇರುವಲ್ಲಿಗೆ ಹೋಗಿ ಹಲವು ಸಲ ಫಾರ್ವರ್ಡ್ ಆದವುಗಳನ್ನು ಅಳಿಸಿದರೆ ವರ್ಷಗಟ್ಟಲೆಯ ಶುಭೋದಯದ ಗುಲಾಬಿಗಳು ಒಟ್ಟಿಗೆ ಹೋಗುತ್ತವೆ. ಅಳಿಸುವ ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಡುವೆ ಎಲ್ಲೋ ತಂಗಿಯ ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಇರುತ್ತದೆ, ಯಾವುದದು ಅಂತ ಅವರಿಗೇ ಗೊತ್ತು. ಆಟೊ ಡೌನ್‌ಲೋಡನ್ನೂ ಆಗಲೇ ಆಫ್ ಮಾಡಿ.